ವಂತಿಗೆ ಹಾಕಿ ಊರು ಕಟ್ಟಿದ ಗಣಿ ಕೆಲಸಗಾರರು

ಕೇಳುಗರೆಲ್ಲರಿಗೂ ನಮಸ್ಕಾರ.

ಗಣಿಯೋ ಗಿರಣಿಯೋ ಮುಚ್ಚಿಹೋದ ಸೀಮೆಗೆ ಅದರ ಹಳೆಯ ಕಥೆಯಿಂದ ಇವತ್ತು ಏನು ಪ್ರಯೋಜನ? ಹೀಗೆ ಕೇಳಿದ ಕೂಡಲೇ ಜಾಸ್ತಿ ಜನ ಚಿಮಣಿ ತೋರಿಸುತ್ತಾರೆ. ಹಳೆ ಯಂತ್ರಕ್ಕೆ ಬಣ್ಣ ಬಳಿದು, ಮ್ಯೂಸಿಯಂ ಮಾಡಿ, ಟಿಕೆಟ್ ಇಟ್ಟರೆ ಪರಂಪರೆ ಉಳಿಯಿತು ಅಂದುಕೊಳ್ಳುತ್ತಾರೆ. ಮ್ಯೂಸಿಯಂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕೆಲಸಗಾರರು ಕಷ್ಟಕಾಲದಲ್ಲಿ ತಾವೇ ವಂತಿಗೆ ಹಾಕಿ ಏನು ಕಟ್ಟಿಕೊಂಡರೋ, ಅದು ಆ ಸೀಮೆಯ ನಿಜವಾದ ಆಸ್ತಿ. ನಾನು ಇವತ್ತು ಹೇಳಲು ಬಂದಿರುವುದು ಇದೊಂದೇ ಮಾತು.

ಬ್ರಿಟನ್ನಿನ ದಕ್ಷಿಣ ವೇಲ್ಸ್‌ಗೆ ಹೋಗೋಣ. ಅಲ್ಲಿನ ಕಣಿವೆಗಳ ತುಂಬ ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳು, ಕಬ್ಬಿಣದ ಕುಲುಮೆಗಳು. ಅಲ್ಲೊಂದು ಊರು ಟ್ರೆಡೀಗರ್. 1890ರಲ್ಲಿ ಆ ಊರಿನ ಕೆಲಸಗಾರರು ಒಂದು ವೈದ್ಯಕೀಯ ನೆರವಿನ ಸಂಘ ಕಟ್ಟಿದರು. ಲೆಕ್ಕ ಬಹಳ ಸುಲಭ. ಒಂದು ಪೌಂಡ್ ಸಂಬಳಕ್ಕೆ ಮೂರು ಪೆನ್ಸ್ ವಂತಿಗೆ. ಆಗ ಒಂದು ಪೌಂಡ್ ಅಂದರೆ 240 ಪೆನ್ಸ್. ಅಂದರೆ ಸಂಬಳದ ಎಂಬತ್ತನೇ ಒಂದು ಪಾಲು, ಅಷ್ಟೇ. ಜಾಸ್ತಿ ಸಂಬಳದವನು ಜಾಸ್ತಿ ಕೊಡುತ್ತಾನೆ, ಕಡಿಮೆಯವನು ಕಡಿಮೆ. ಚಿಕಿತ್ಸೆ ಮಾತ್ರ ಎಲ್ಲರಿಗೂ ಒಂದೇ, ಮನೆಮಂದಿಗೂ ಸೇರಿ. ಆ ದುಡ್ಡಿನಲ್ಲೇ ವೈದ್ಯರಿಗೆ ಸಂಬಳ. ಗಮನಿಸಿ, ಇಲ್ಲಿ ವೈದ್ಯರನ್ನು ನೇಮಿಸಿಕೊಂಡವರು ಗಣಿ ಕೆಲಸಗಾರರು!

ಅದೇ ಊರಿನಲ್ಲಿ 1897ರಲ್ಲಿ ಅನೈರಿನ್ ಬೆವನ್ ಅನ್ನುವ ಹುಡುಗ ಹುಟ್ಟಿದ. ತಂದೆ ಗಣಿ ಕೆಲಸಗಾರ. ಹದಿಮೂರನೇ ವಯಸ್ಸಿಗೆ ಹುಡುಗನೂ ಗಣಿಗೆ ಇಳಿದ. 1925ರಲ್ಲಿ ಕಲ್ಲಿದ್ದಲ ಧೂಳಿನ ಕಾಯಿಲೆಯಿಂದ ತಂದೆ ತೀರಿಕೊಂಡರು. ಮಗ ಊರಿನ ಆಸ್ಪತ್ರೆಯ ಸಮಿತಿಯಲ್ಲಿ ಕೂತು, ವಂತಿಗೆಯ ದುಡ್ಡು ಹೇಗೆ ಔಷಧಿಯಾಗುತ್ತದೆ ಅಂತ ಹತ್ತಿರದಿಂದ ನೋಡಿದ. ಇದೇ ಬೆವನ್ 1945ರಲ್ಲಿ ದೇಶದ ಆರೋಗ್ಯ ಮಂತ್ರಿಯಾದರು. 1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಖರ್ಚನ್ನು ಎಲ್ಲರೂ ಸೇರಿ ಹೊರುವುದು, ಕಾಯಿಲೆ ಬಿದ್ದವರು ಆ ಹೊತ್ತಿಗೆ ದುಡ್ಡು ಕೊಡದೆ ಚಿಕಿತ್ಸೆ ಪಡೆಯುವುದು. ಟ್ರೆಡೀಗರ್‌ನ ಲೆಕ್ಕವೇ ಇಡೀ ದೇಶದ ಲೆಕ್ಕವಾಯಿತು. ಈ ಕಥೆ ನನಗೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ. ಒಂದು ಸಣ್ಣ ಊರಿನ ವಂತಿಗೆ ಪುಸ್ತಕದಿಂದ ಇಷ್ಟು ದೊಡ್ಡ ಕೆಲಸ ಆಗಿದೆ. ಅಂಥ ಪುಸ್ತಕಗಳನ್ನು ನಾವು ರದ್ದಿಗೆ ಹಾಕುತ್ತೇವೆ, ಚಿಮಣಿಗೆ ಮಾತ್ರ ದೀಪಾಲಂಕಾರ ಮಾಡುತ್ತೇವೆ. ಇದು ಸರಿಯಾ?

ಸಮಯ ಓಡುತ್ತಿದೆ. ಇನ್ನೆರಡು ವಿಷಯ ಚುಟುಕಾಗಿ ಹೇಳುತ್ತೇನೆ.

ಒಂದು, ಕೆಲಸದ ಪ್ರಶ್ನೆ. ಅದೇ ಸೀಮೆಯ ಟವರ್ ಗಣಿಯನ್ನು 1994ರಲ್ಲಿ ಮುಚ್ಚಿದರು. ಲಾಭ ಇಲ್ಲ ಅಂದರು. 239 ಕೆಲಸಗಾರರು ತಮಗೆ ಸಿಕ್ಕ ಪರಿಹಾರದಿಂದ ತಲಾ 8,000 ಪೌಂಡ್ ಹಾಕಿ ಗಣಿಯನ್ನೇ ಕೊಂಡರು. 1995ರಿಂದ 2008ರವರೆಗೆ ನಡೆಸಿದರು. ಇಲ್ಲೂ ಅದೇ ವಂತಿಗೆ!

ಇನ್ನೊಂದು, ಒಂಟಿತನ. ಗಣಿ ಮುಚ್ಚಿದ ಊರಿನಲ್ಲಿ ವಯಸ್ಸಾದವರು ಮನೆಯೊಳಗೇ ಉಳಿದುಬಿಡುತ್ತಾರೆ. ಆ ಕಣಿವೆಗಳಲ್ಲಿ ಕೆಲಸಗಾರರು ಸಂಬಳದಿಂದ ಚಿಲ್ಲರೆ ಕಾಸು ಕೊಟ್ಟು ಕಟ್ಟಿಸಿದ ಸಭಾಭವನಗಳು, ಗ್ರಂಥಾಲಯಗಳು ಇದ್ದವು. ಬ್ಲೇನ್‌ಗಾರು ಅನ್ನುವ ಊರಿನ ಅಂಥ ಭವನದಲ್ಲಿ ಮುಂದೆ ಒಂದು ಹೊಸ ಏರ್ಪಾಟು ಬಂತು. ಊರಿಗಾಗಿ ಒಂದು ಗಂಟೆ ಕೆಲಸ ಮಾಡಿದರೆ ಒಂದು ಗಂಟೆಯ ಚೀಟಿ. ಆ ಚೀಟಿ ಕೊಟ್ಟು ಅಲ್ಲಿನ ಕಾರ್ಯಕ್ರಮಕ್ಕೆ ಬರಬಹುದು. ದುಡ್ಡಿನ ಜಾಗದಲ್ಲಿ ಹೊತ್ತಿನ ವಂತಿಗೆ. ಜನ ಮನೆಯಿಂದ ಹೊರಗೆ ಬರಲು ಒಂದು ಕಾರಣ ಬೇಕು, ಅಲ್ವಾ?

ನಿಮ್ಮಲ್ಲಿ ಯಾರಾದರೂ ಹಳೆ ಕಾರ್ಖಾನೆಯ ನೆನಪು ಉಳಿಸುವ ಸಮಿತಿಯಲ್ಲಿದ್ದರೆ ನನ್ನದೊಂದು ಕೋರಿಕೆ. ಕಟ್ಟಡದ ನಕ್ಷೆ ಆಮೇಲೆ ನೋಡಿ. ಮೊದಲು ಅಲ್ಲಿ ದುಡಿದ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಕಾಯಿಲೆ ಬಂದಾಗ, ಸಾವಾದಾಗ, ಮುಷ್ಕರ ನಡೆದಾಗ ದುಡ್ಡು ಹೇಗೆ ಕೂಡಿಸುತ್ತಿದ್ದಿರಿ? ಲೆಕ್ಕ ಯಾರು ಇಡುತ್ತಿದ್ದರು? ಆ ಪುಸ್ತಕ ಈಗ ಯಾರ ಮನೆಯಲ್ಲಿದೆ? ಅದನ್ನು ಈ ತಿಂಗಳೇ ಹುಡುಕಿಸಿ.

ನಮಸ್ಕಾರ.