ಇಳಕಲ್ಲಿನ ಇನ್ನೊಂದು ಕೆಂಪು

ಕೇಳುಗರಿಗೆ ನಮಸ್ಕಾರ.

ಇಳಕಲ್ಲು ಎಂದೊಡನೆ ಕಣ್ಣ ಮುಂದೆ ಬರುವುದು ಸೀರೆ, ಅದರ ತೋಪುತೆನೆಯ ಕೆಂಪು ಸೆರಗು. ಊರಿನ ಸುತ್ತ ಇನ್ನೊಂದು ಕೆಂಪೂ ಇದೆ: ಗ್ರಾನೈಟ್. ಸೀರೆಗೆ ಹಾಡುಗಳಿವೆ, ಊರಿನ ಹೆಸರಿಗೆ ರಕ್ಷಣೆ ಕೊಡುವ ಜಿಐ ಮಾನ್ಯತೆಯಿದೆ. ಕಲ್ಲು ಒಡೆಯುವವನ ಚಿತ್ರವನ್ನು ಎಲ್ಲಾದರೂ ನೋಡಿದ್ದೀರಾ?

ನನಗೆ ಈ ಪ್ರಶ್ನೆ ಎದ್ದದ್ದು ಪ್ರಭಾಕರ ಪಾಚಪುತೆ ಅವರ ಕಲೆಯ ಪರಿಚಯವಾದ ಮೇಲೆ. 1986ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಾಸ್ತಿಯಲ್ಲಿ ಹುಟ್ಟಿದವರು. ಮೂರು ತಲೆಮಾರು ಕಲ್ಲಿದ್ದಲ ಗಣಿಯಲ್ಲಿ ದುಡಿದ ಮನೆತನ. ಓದಿದ್ದು ಶಿಲ್ಪಕಲೆ; ಹೆಸರು ತಂದದ್ದು ಇದ್ದಿಲು. ಪ್ರದರ್ಶನದ ಗೋಡೆಯ ಮೇಲೇ ಇದ್ದಿಲಿನಿಂದ ಬರೆದುಬಿಡುತ್ತಾರೆ. ಮನುಷ್ಯನ ಮೈ ಇರುತ್ತದೆ. ತಲೆಯ ಜಾಗದಲ್ಲಿ ದೀಪವೋ ಯಂತ್ರದ ತುಂಡೋ ಕುಳಿತಿರುತ್ತದೆ. ವಿಚಿತ್ರವೆನಿಸಬಹುದು. ಆದರೆ ಗಣಿಯಲ್ಲಿ ಆಳನ್ನು ಕರೆಯುವುದೇ ಡ್ರಿಲ್ಲಿನವನು, ಕ್ರೇನಿನವನು ಎಂದಲ್ಲವೇ? ಕಣ್ಣೀರು ತರಿಸುವ ಮುಖಕ್ಕಿಂತ ಈ ತಲೆಯಿಲ್ಲದ ಮೈ ಹೆಚ್ಚು ಚುಚ್ಚುತ್ತದೆ ಎಂದೇ ನನ್ನ ಎಣಿಕೆ. ಕಲ್ಲಿದ್ದಲಿಗೆ ಹೆಸರಾಗಿದ್ದ ವೇಲ್ಸ್ ನಾಡಿನ ಆರ್ಟಿಸ್ ಮುಂಡಿ ಕಲಾ ಬಹುಮಾನವನ್ನು 2021ರಲ್ಲಿ ಆರು ಕಲಾವಿದರಿಗೆ ಹಂಚಿದರು, ಪಾಚಪುತೆ ಅವರಲ್ಲೊಬ್ಬರು.

ನಮ್ಮ ಕ್ವಾರಿಗಳಲ್ಲಿ ಸುರಂಗವಿಲ್ಲ, ಕತ್ತಲೆಯಿಲ್ಲ, ಇರುವುದು ಬಿಸಿಲು. ಬಂಡೆಯಲ್ಲಿ ಸಾಲಾಗಿ ತೂತು ಕೊರೆದು, ಉಕ್ಕಿನ ಬೆಣೆ ನಿಲ್ಲಿಸಿ, ಒಂದಾದ ಮೇಲೊಂದಕ್ಕೆ ಸುತ್ತಿಗೆಯ ಪೆಟ್ಟು ಹಾಕುತ್ತಾ ಹೋಗುತ್ತಾರೆ. ಪೆಟ್ಟಿನ ದನಿ ಬದಲಾದರೆ ಪಳಗಿದವನು ಕೈ ತಡೆಯುತ್ತಾನೆ: ಬಿರುಕು ಒಳಗೆ ಓಡಿರುತ್ತದೆ. ಈಗ ವಜ್ರದ ಮಣಿ ಪೋಣಿಸಿದ ತಂತಿಗರಗಸವೂ ಬಂದಿದೆ. ಕಲ್ಲು ಕೆಂಪಾದರೂ ಪುಡಿ ಬಿಳುಪು. ಸಂಜೆಯ ಹೊತ್ತಿಗೆ ಇಪ್ಪತ್ತರ ಹುಡುಗನ ಹುಬ್ಬೂ ನರೆತಂತೆ ಕಾಣುತ್ತದೆ. ಆ ಪುಡಿಯ ಸಿಲಿಕಾ ವರ್ಷಗಟ್ಟಲೆ ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ನೀರು ಬಿಟ್ಟು ಕೊರೆದರೆ ಧೂಳು ಬಹಳ ತಗ್ಗುತ್ತದೆ. ಹೊಳಪು ಕೊಟ್ಟ ಹಾಸಿನಲ್ಲಿ ಇದಾವುದೂ ಕಾಣುವುದಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಬಾದಾಮಿಯ ಮೇಣಬಸದಿ, ಐಹೊಳೆಯ ದುರ್ಗದ ಗುಡಿಯನ್ನು ಎಲ್ಲರೂ ಬರೆದವರೇ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಉಳಿ ಹಿಡಿದವರ ಮೇಲೆ ಅಷ್ಟು ಅಕ್ಕರೆ ಇದ್ದರೆ, ಇಂದು ಡ್ರಿಲ್ ಹಿಡಿದವರ ಬಳಿಗೂ ಒಮ್ಮೆ ಹೋಗಿ. ಬರೆದದ್ದನ್ನು ಬೆಂಗಳೂರಿಗೆ ಒಯ್ಯುವ ಮೊದಲು ಇಳಕಲ್ಲಿನಲ್ಲೇ, ಕೆಲಸಕ್ಕೆ ರಜೆಯಿರುವ ದಿನ, ಯಾವುದಾದರೂ ಶಾಲೆಯ ಗೋಡೆಗೆ ತೂಗುಹಾಕಿ. ಬೆಣೆ ಹಿಡಿದ ಕೈ ಹಾಗಿರುವುದಿಲ್ಲ ಎಂದು ಕಲ್ಲು ಒಡೆಯುವವರು ಹೇಳಿದರೆ ಅಲ್ಲೇ ತಿದ್ದಿ. ಇದ್ದಿಲಿನ ಗೆರೆ ಅಳಿಸಲು ಒಂದು ಹಳೆಯ ಬಟ್ಟೆ ಸಾಕು.

ನಮಸ್ಕಾರ.