ಗಾರೆ ಗೋಡೆಗೆ ಸಿಮೆಂಟ್ ಮುಟ್ಟಿಸಬೇಡಿ!

ನಮಸ್ಕಾರ. ಹಳೇ ನಂದಿ ಹಾಲ್ಟ್ ರೈಲ್ವೆ ಸ್ಟೇಷನ್ ದುರಸ್ತಿಯ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಇಷ್ಟೆಲ್ಲಾ ಖರ್ಚು ಮಾಡಿ ಸುಣ್ಣ ಬಳಿಯೋದಾ? ಸಿಮೆಂಟ್ ಹೊಡೆದಿದ್ರೆ ಇನ್ನೂ ನೂರು ವರ್ಷ ಅಲ್ಲಾಡ್ತಿರಲಿಲ್ಲ." ಇದಕ್ಕೆ ಲೈಕುಗಳೂ ಬಿದ್ದಿವೆ!

ಇಲ್ಲ ಸ್ವಾಮಿ. ಗಾರೆ, ಅಂದ್ರೆ ಸುಣ್ಣ-ಮರಳು ಕಲಸಿದ ಪ್ಲಾಸ್ಟರ್, ಇರೋ ಗೋಡೆಗೆ ಸಿಮೆಂಟ್ ಮುಟ್ಟಿಸಬಾರದು. ಇವತ್ತಿನ ಮಾತು ಇಷ್ಟೇ.

ಬೆಂಗಳೂರು–ಚಿಕ್ಕಬಳ್ಳಾಪುರ ಲೈನ್ ಬಂದಿದ್ದು 1915ರ ಆಸುಪಾಸಿನಲ್ಲಿ. ಆಗ ಹಳಿಗಳ ನಡುವೆ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್. ಆಮೇಲೆ ಬ್ರಾಡ್ ಗೇಜ್ ಆಯ್ತು, ಪುಟ್ಟ ಸ್ಟೇಷನ್ ಕಟ್ಟಡಗಳನ್ನ ಕೇಳೋರಿಲ್ಲದ ಹಾಗಾಯ್ತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ – ಇವನ್ನ ಉಳಿಸೋಕೆ ಪಾರಂಪರಿಕ ಕಟ್ಟಡ ಉಳಿಸೋ ಸಂಸ್ಥೆ ಇನ್‌ಟ್ಯಾಕ್‌ನ ಬೆಂಗಳೂರು ಘಟಕ ನೈಋತ್ಯ ರೈಲ್ವೆ ಜೊತೆ ಕೈಜೋಡಿಸಿತು. ದೊಡ್ಡ ಕೆಲಸ ಅದು.

ಈಗ ಗೋಡೆಗೆ ಬನ್ನಿ. ಹಳೇ ಗೋಡೆಗೆ ನೆಲದ ತೇವ ಏರೇ ಏರುತ್ತೆ. ಗಾರೆ ಮೈತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಅದರಲ್ಲಿ ತೇವ ಆರಿಹೋಗುತ್ತೆ. ಮೇಲೆ ಸಿಮೆಂಟ್ ಮೆತ್ತಿದ್ರೆ ತೇವ ಒಳಗೇ ಕೂತ್ಕೊಳ್ಳುತ್ತೆ. ಅದರ ಜೊತೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತೆ. ಹೊರಗೆ ನುಣ್ಣಗೆ, ಒಳಗೆ ಹಿಟ್ಟು. ಒಂದು ದಿನ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತೆ.

ನೀವು ಇಂಥ ಹಳೇ ಸ್ಟೇಷನ್‌ಗೆ ಹೋದಾಗ ನೋಡಿ. ನೆಲದಿಂದ ಮೂರಡಿ ಎತ್ತರದವರೆಗೆ ಬೆರಳಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಡಬ್ ಡಬ್ ಅಂದ್ರೆ ಪ್ಲಾಸ್ಟರ್ ಗೋಡೆಯನ್ನ ಬಿಟ್ಟಿದೆ. ಬಿಳಿ ಹುಡಿ ಕಂಡ್ರೆ ಉಪ್ಪು ಹೊರಗೆ ಬರ್ತಿದೆ. ತಟ್ಟಿ ಅಂದೆ, ಗೀಚಿ ಅನ್ನಲಿಲ್ಲ! ಗೋಡೆ ಮೇಲೆ ಹೆಸರು ಕೆತ್ತೋರು ದಯವಿಟ್ಟು ಮನೇಲೇ ಇರಿ.

"ಸುಣ್ಣ ಗಟ್ಟಿ ಇರಲ್ಲ" ಅಂತಾರೆ. ಮಾಡೋ ಹಾಗೆ ಮಾಡಿದ್ರೆ ತಾನೇ? ಸುಟ್ಟ ಸುಣ್ಣವನ್ನ ನೀರಲ್ಲಿ ಅರಳಿಸಿ ಕಡೇಪಕ್ಷ ಮೂರು ವಾರ ಮುಳುಗಿಸಿಡಬೇಕು. ಅರಳದ ಕಾಳು ಉಳಿದ್ರೆ ಗೋಡೆಯಲ್ಲಿ ಉಬ್ಬಿ ಗುಳಿ ಬೀಳುತ್ತೆ, ಅದಕ್ಕೇ ಜರಡಿ ಹಿಡಿಯೋದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ತೇವದ ಜಾಗದಲ್ಲಿ ಒಂದು ಪಾಲು ಮರಳಿನ ಬದಲು ಇಟ್ಟಿಗೆ ಪುಡಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕೋದು ನಮ್ಮ ಹಿರಿಯರ ಪದ್ಧತಿ. ಗೋಡೆ ನೆನೆಸಿ, ಒಂದು ಸಲಕ್ಕೆ 10–12 ಮಿಲಿಮೀಟರ್ ಮೀರದ ಹಾಗೆ ಬಳಿದು, ಒದ್ದೆ ಗೋಣಿತಾಟು ಇಳಿಬಿಡಬೇಕು. ಬಿಸಿಲಿಗೆ ಬೇಗ ಒಣಗಿದ್ರೆ ಬಿರುಕು ಗ್ಯಾರಂಟಿ. ಆಗ ಬೈಯಬೇಕಾದ್ದು ಅವಸರವನ್ನ, ಸುಣ್ಣವನ್ನಲ್ಲ!

"ಮತ್ತೆ ಮತ್ತೆ ಬಳಿಯಬೇಕಲ್ಲ?" ಬಳಿಯಿರಿ! ಯುಗಾದಿ ಬಂತಂದ್ರೆ ಮನೆಗೆ ಸುಣ್ಣ ಬಳಿಯೋ ನಾಡು ನಮ್ಮದು. "ವಾಟರ್‌ಪ್ರೂಫ್ ಪೇಂಟ್?" ಅಯ್ಯೋ, ಅದೂ ಗಾರೆಯ ಸಣ್ಣ ತೂತುಗಳ ಬಾಯಿ ಮುಚ್ಚೋದೇ. "ಗಟ್ಟಿಗೆ ಒಂದು ಬೊಗಸೆ ಸಿಮೆಂಟ್?" ಬೊಗಸೆಯೂ ಬೇಡ, ಚಮಚವೂ ಬೇಡ!

ಸಬ್‌ಸ್ಕ್ರೈಬ್ ಮಾಡಿ, ಮುಂದಿನ ವಾರ ಮಂಗಳೂರು ಹೆಂಚು. ನಿಮ್ಮೂರ ಹಳೇ ಸ್ಟೇಷನ್‌ನಲ್ಲಿ ದುರಸ್ತಿ ನಡೀತಿದ್ರೆ ಹೋಗಿ ಕಲಸಿಟ್ಟ ಬಾಂಡ್ಲಿ ನೋಡಿ. ಬೂದು ಬಣ್ಣ ಕಂಡ್ರೆ ಅಲ್ಲೇ ನಿಂತು ಕೇಳಿ – ಗಾರೆ ಗೋಡೆಗೆ ಸಿಮೆಂಟ್ ಯಾಕ್ರೀ?