ಹಸಿರು ಚುಕ್ಕಿ ದಾಟಿದ ಮೇಲೆ ಹಾಲು ಹುಡುಕಿ

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಸುತ್ತ ಯಾವ ದಿನಸಿ ಅಂಗಡಿಗೆ ಬೇಕಾದ್ರೂ ಹೋಗಿ. ಒಂದು ಬಿಸ್ಕತ್ ಪ್ಯಾಕೆಟ್ ಕೈಗೆ ತಗೊಂಡು "ಅಣ್ಣ, ಇದು ವೀಗನ್ನಾ?" ಅಂತ ಕೇಳಿ. "ಪ್ಯೂರ್ ವೆಜ್ ಸಾರ್, ಹಸಿರು ಚುಕ್ಕಿ ಇದೆ ನೋಡಿ" ಅಂತಾರೆ. ಅವರೇನೂ ಸುಳ್ಳು ಹೇಳ್ತಿಲ್ಲ. ಚುಕ್ಕಿ ಸರಿಯಾಗೇ ಇದೆ. ಒಳಗೆ ಹಾಲಿನ ಪುಡಿಯೂ ಇರಬಹುದು, ಅಷ್ಟೇ.

ಮಾಂಸ, ಮೀನು, ಮೊಟ್ಟೆ ಜೊತೆಗೆ ಹಾಲು, ಮೊಸರು, ತುಪ್ಪ, ಜೇನೂ ಬೇಡ ಅನ್ನೋರು ವೀಗನ್. ಹೊಸದಾಗಿ ಶುರು ಮಾಡಿದವರು ಮೊದಲು ಮಾಡೋ ಕೆಲಸ ಅಂದ್ರೆ ಇಂಟರ್‌ನೆಟ್ಟಿಂದ ಹೊರದೇಶದ ಒಂದು ಉದ್ದನೆ ಪಟ್ಟಿ ಇಳಿಸಿಕೊಳ್ಳೋದು. ಪ್ಯಾಕೆಟ್ ತಿಂಡಿಗೆ ಸೇರಿಸೋ ಬಣ್ಣ, ರುಚಿ, ಹೊಳಪಿನ ಪದಾರ್ಥಗಳ ನಂಬರ್‌ಗಳು ಅವು: 120 ಬೇಡ, 471 ಅನುಮಾನ, 631 ಅನುಮಾನ. ಆ ಪಟ್ಟಿ ಹಿಡ್ಕೊಂಡು ಅಂಗಡೀಲಿ ನಿಂತರೆ ಸಂತೆ ಮುಗಿದರೂ ಒಂದು ಪ್ಯಾಕೆಟ್ ಬುಟ್ಟಿಗೆ ಬೀಳಲ್ಲ. ನಮ್ಮ ಅಭಿಪ್ರಾಯ ನೇರವಾಗಿ ಹೇಳ್ತೀವಿ: ಆ ಪಟ್ಟಿ ನಮ್ಮೂರಿಗೆ ಬೇಡ. ಮುಕ್ಕಾಲು ಕೆಲಸ ಹಸಿರು ಚುಕ್ಕಿನೇ ಮಾಡಿಕೊಟ್ಟಿರುತ್ತೆ. ನಾವು ಮಾಡಬೇಕಾದ್ದು ಅದರ ಕಣ್ಣು ತಪ್ಪಿಸಿ ಬಂದದ್ದನ್ನು ಹಿಡಿಯೋದು.

ಕಣ್ಣು ತಪ್ಪಿಸೋದು ಯಾವುದು ಅಂತ ಕಾನೂನಲ್ಲೇ ಬರೆದಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಪ್ರಾಣಿಯ ಯಾವ ಭಾಗ ಇದ್ದರೂ, ಪಕ್ಷಿ, ಹುಳ, ಮೀನು, ಮೊಟ್ಟೆ ಯಾವುದಿದ್ದರೂ ಅದು ಮಾಂಸಾಹಾರ. ಚೌಕದೊಳಗೆ ಕಂದು ತ್ರಿಕೋನ ಹಾಕಲೇಬೇಕು. ಇದಕ್ಕೆ ವಿನಾಯಿತಿ ಕೊಟ್ಟಿರೋದು ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಕಾರ್ನೌಬಾ ಮೇಣ, ಶೆಲ್ಯಾಕ್. ಕಾರ್ನೌಬಾ ಒಂದು ಜಾತಿ ತಾಳೆಯ ಎಲೆಯಿಂದ ಬರೋ ಮೇಣ, ಅದರ ತಂಟೆ ಇಲ್ಲ. ಶೆಲ್ಯಾಕ್ ಅಂದ್ರೆ ನಮ್ಮ ಅರಗು. ಪಾಂಡವರನ್ನ ಸುಡೋಕೆ ಕಟ್ಟಿಸಿದ ಮನೆಯ ಅರಗೇ, ಇವತ್ತು ಬಣ್ಣದ ಚಾಕಲೇಟ್ ಗುಂಡಿಗಳ ಮೇಲೆ, ಹೊಳೆಯೋ ಸೇಬಿನ ಮೇಲೆ ಮಿನುಗ್ತಾ ಕೂತಿರುತ್ತೆ. ಹುಳ ಬಿಡೋ ಅಂಟು ಅದು.

ವಿನಾಯಿತಿ ಇಷ್ಟಕ್ಕೇ ಆದ್ದರಿಂದ 120, ಅಂದ್ರೆ ಹುಳದಿಂದ ತೆಗೆದ ಕೆಂಪು ಬಣ್ಣ ಕಾರ್ಮೈನ್, ಹಸಿರು ಚುಕ್ಕಿ ಪ್ಯಾಕೆಟ್‌ನಲ್ಲಿ ಇರೋ ಹಾಗಿಲ್ಲ. ಪ್ರಾಣಿಯ ಮೂಳೆ, ಚರ್ಮದಿಂದ ಬರೋ ಜೆಲಾಟಿನ್ನೂ ಇರೋ ಹಾಗಿಲ್ಲ. ಎಣ್ಣೆ-ನೀರು ಬೆರೆಸಿಡೋ 471, ರುಚಿ ಹೆಚ್ಚಿಸೋ 631 ಎರಡೂ ಪ್ರಾಣಿಯಿಂದಲೂ ತಯಾರಾಗುತ್ತೆ, ಗಿಡದ ಮೂಲದಿಂದಲೂ ತಯಾರಾಗುತ್ತೆ. ಹೊರದೇಶದಲ್ಲಿ ಜನ ತಲೆ ಕೆಡಿಸ್ಕೊಳ್ಳೋದು ಅದಕ್ಕೇ. ಇಲ್ಲಿ ಪ್ರಾಣಿ ಕೊಬ್ಬಿನ 471 ಹಾಕಿದ್ರೆ ಕಂದು ತ್ರಿಕೋನ ಬರಬೇಕು, ಹಸಿರು ಇದೆ ಅಂದ್ರೆ ಮೂಲ ಬೇರೆ. ಆ ಚಿಂತೆ ಅಲ್ಲಿಗೆ ಬಿಡಿ.

ಹಂಗಾದ್ರೆ ಮುಖ್ಯವಾಗಿ ಉಳಿಯೋದು ಹಾಲು, ಜೇನು, ಎರಡು ನಂಬರ್. 901 ಜೇನುಮೇಣ, 904 ಅರಗು. ಮುಖ್ಯ ಕಳ್ಳ ಹಾಲು.

ಪ್ಯಾಕೆಟ್ ಓದೋದು ಹೇಗೆ? ಮೇಲಿಂದ ಓದಬೇಡಿ, ಕೆಳಗಿಂದ ಓದಿ. ಪದಾರ್ಥಗಳ ಪಟ್ಟಿ ಮುಗಿದ ಜಾಗದಲ್ಲಿ ಅಲರ್ಜಿ ಇರೋರಿಗೆ ಅಂತ ಒಂದು ಸಾಲು ಇರುತ್ತೆ, "ಕಂಟೈನ್ಸ್ ವೀಟ್, ಮಿಲ್ಕ್, ಸೋಯ್" ಅಂತ. ಅಲ್ಲಿ ಮಿಲ್ಕ್ ಇದ್ರೆ ಪ್ಯಾಕೆಟ್ ವಾಪಸ್ ಇಟ್ಟುಬಿಡಿ, ಮುಂದೆ ಓದೋದೇ ಬೇಡ. ಆ ಸಾಲನ್ನೇ ಮೊದಲು ನೋಡೋಕೆ ಕಾರಣ ಇದೆ. ಚಿಪ್ಸ್‌ಗೆ ಉದುರಿಸೋ ಮಸಾಲೆ ಥರ, ಹತ್ತು ಸಾಮಾನು ಸೇರಿ ಆದ ಒಂದು ಪದಾರ್ಥ ಒಟ್ಟು ತೂಕದಲ್ಲಿ ನೂರಕ್ಕೆ ಐದಕ್ಕಿಂತ ಕಡಿಮೆ ಇದ್ರೆ, ಅದರೊಳಗಿನ ಎಲ್ಲದರ ಹೆಸರು ಬಿಡಿಸಿ ಬರೀಬೇಕಿಲ್ಲ. ಆದರೆ ಅಲರ್ಜಿ ಆಗೋ ಪದಾರ್ಥ ಮಾತ್ರ ಮುಚ್ಚಿಡೋ ಹಾಗಿಲ್ಲ. ಹಾಲು ಆ ಪಟ್ಟಿಯಲ್ಲಿದೆ. ಸಿಕ್ಕಿಬೀಳುತ್ತೆ.

ಜೇನು, ಜೇನುಮೇಣ, ಅರಗು ಆ ಪಟ್ಟಿಯಲ್ಲಿಲ್ಲ. ಅದಕ್ಕೇ ಎರಡನೇ ಸಲ ಪದಾರ್ಥಗಳ ಸಾಲಿನ ಮೇಲೆ ಕಣ್ಣಾಡಿಸಬೇಕು. ಮೂಸ್ಲಿ, ಗ್ರಾನೋಲಾ, ಶುಂಠಿ ಮಿಠಾಯಿ ಇಲ್ಲೆಲ್ಲ ಜೇನು ಹುಡುಕಿ. ಬಣ್ಣದ ಪೆಪ್ಪರಮೆಂಟು, ಚೂಯಿಂಗ್ ಗಮ್ಮು ಇಲ್ಲೆಲ್ಲ "ಗ್ಲೇಜಿಂಗ್ ಏಜೆಂಟ್", ಅಂದ್ರೆ ಹೊಳಪು ಕೊಡೋ ಪದಾರ್ಥ, ಅಂತ ಇದ್ರೆ ಪಕ್ಕದ ನಂಬರ್ ನೋಡಿ. 903, ಅಂದ್ರೆ ಕಾರ್ನೌಬಾ, ಇದ್ರೆ ತಗೊಳ್ಳಿ, ಮೊದಲೇ ಹೇಳಿದ 901, 904 ಆದ್ರೆ ಬಿಡಿ.

"ಮೇ ಕಂಟೈನ್ ಮಿಲ್ಕ್" ಅಂತ ಇದ್ರೆ? ಅದು ಅದೇ ಮೆಷಿನ್‌ನಲ್ಲಿ ಹಾಲಿನ ಬಿಸ್ಕತ್ತೂ ಮಾಡ್ತೀವಿ ಅನ್ನೋ ಎಚ್ಚರಿಕೆ. ಹಾಲು ತಿಂದ್ರೆ ಮೈ ದದ್ದು ಬರೋರು ಅದನ್ನ ಮುಟ್ಟಬಾರದು. ಬರೀ ವೀಗನ್ ಆದವರು ಅದಕ್ಕೆ ಹೆದರೋದು ನಮ್ಮ ಪ್ರಕಾರ ಅನಗತ್ಯ. ಕಂಪನಿ ಹಾಲು ಹಾಕಿಲ್ಲ ಅಂದ್ರೆ ಹಾಕಿಲ್ಲ.

ಐದು ರೂಪಾಯಿ ಪ್ಯಾಕೆಟ್‌ದೊಂದು ತಕರಾರಿದೆ. ಹೊರಮೈ ನೂರು ಚದರ ಸೆಂಟಿಮೀಟರ್ ಮೀರದ ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ ಹಾಕದೇ ಇರೋಕೆ ವಿನಾಯಿತಿ ಇದೆ, ಆದರೆ ಅದು ಬಂದ ದೊಡ್ಡ ಕವರ್ ಅಥವಾ ಡಬ್ಬದ ಮೇಲೆ ಇರಬೇಕು. ಅಂಗಡಿಯವರನ್ನ "ಇದರ ಬಾಕ್ಸ್ ಸ್ವಲ್ಪ ತೋರಿಸ್ತೀರಾ?" ಅಂತ ಕೇಳಿ, ಕೊಡ್ತಾರೆ.

ಈಗ ಹಾಲಿನ ವೇಷಗಳು. ಮಿಲ್ಕ್ ಸಾಲಿಡ್ಸ್, ಸ್ಕಿಮ್ಡ್ ಮಿಲ್ಕ್ ಪೌಡರ್ ಇವು ಎಲ್ಲರಿಗೂ ಗೊತ್ತಾಗುತ್ತೆ. ವೇ ಪೌಡರ್ ಅಂದ್ರೆ ಹಾಲೊಡಕು ಒಣಗಿಸಿದ ಪುಡಿ. ಹಾಲು ಒಡೆಸಿ ಪನೀರ್ ಸೋಸಿದಾಗ ಕೆಳಗೆ ಉಳಿಯುತ್ತಲ್ಲ, ಆ ಹಸಿರು-ಹಳದಿ ನೀರು. ಟೊಮೆಟೊ ರುಚಿಯ ಚಿಪ್ಸ್‌ನಲ್ಲಿ ಅದಕ್ಕೇನು ಕೆಲಸ ಅಂತೀರಾ? ಮಸಾಲೆ ಪುಡಿ ಒಂದೇ ಸಮ ಹರಡೋಕೆ, ಹುಳಿ-ಖಾರದ ಮೊನಚು ಕಡಿಮೆ ಮಾಡೋಕೆ ಸೇರಿಸ್ತಾರೆ. ಕೇಸಿನ್, ಕೇಸಿನೇಟ್ ಹಾಲಿನ ಪ್ರೋಟೀನು. ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಬಟರ್ ಆಯಿಲ್ ಹೆಸರಲ್ಲಿ ಎಣ್ಣೆ ಇದ್ರೂ ಬೆಣ್ಣೆಯ ಕೊಬ್ಬೇ.

ಇನ್ನು ಕೆಲವು ಪಾಪ, ಹೆಸರಿಂದಲೇ ಬೈಸ್ಕೊಳ್ಳುತ್ತೆ. ಲ್ಯಾಕ್ಟಿಕ್ ಆಸಿಡ್, 270, ಸಾಮಾನ್ಯವಾಗಿ ಸಕ್ಕರೆ ಅಥವಾ ಪಿಷ್ಟ ಹುದುಗಿಸಿ ತೆಗೆದದ್ದು, ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಹುಳಿ ಬರೋದು ಅದರಿಂದಲೇ. ಕೊಕೊ ಬಟರ್ ಕೊಕೊ ಬೀಜದ ಕೊಬ್ಬು. ಮಾಲ್ಟ್ ಮೊಳಕೆ ಬಂದ ಬಾರ್ಲಿ. ಮಾಲ್ಟೋಡೆಕ್ಸ್‌ಟ್ರಿನ್ ಜೋಳದ್ದೋ ಮರಗೆಣಸಿನದ್ದೋ ಪಿಷ್ಟ. ಇವನ್ನೆಲ್ಲ ಅನುಮಾನಿಸಬೇಡಿ, ಧಾರಾಳವಾಗಿ ತಗೊಳ್ಳಿ.

ಎಲ್ಲಕ್ಕಿಂತ ಸಿಟ್ಟು ಬರಿಸೋದು "ನಾನ್ ಡೈರಿ" ಅನ್ನೋ ಮಾತು. ಕಾಫಿಗೆ ಹಾಕೋ ನಾನ್ ಡೈರಿ ಕ್ರೀಮರ್ ತಿರುಗಿಸಿ ನೋಡಿ, ಎಷ್ಟೋ ಬ್ರ್ಯಾಂಡ್‌ನಲ್ಲಿ ಸೋಡಿಯಂ ಕೇಸಿನೇಟ್ ಕೂತಿರುತ್ತೆ. ಎಣ್ಣೆ ನೀರು ಬೇರೆಯಾಗದ ಹಾಗೆ ಹಿಡಿದಿಡೋದು ಅದೇ. ತೆಂಗಿನ ಹಾಲಿನ ಪುಡೀದೂ ಇದೇ ಕಥೆ. ತೆಂಗು ಅಂತ ನಂಬಿ ತಗೊಂಡ್ರೆ ಒಳಗೆ ಹಸುವಿನ ಪ್ರೋಟೀನು. ಅರಸೀಕೆರೆ ಇರೋ ಜಿಲ್ಲೇಲಿ ಕೂತು ತೆಂಗಿನ ಹಾಲಿನ ಪುಡಿ ಯಾಕೆ ಕೊಳ್ಳಬೇಕೋ ನಮಗಂತೂ ಅರ್ಥ ಆಗಲ್ಲ. ಒಂದು ಕಾಯಿ ತುರಿಗೆ ಒಂದೂವರೆ ಲೋಟ ಬಿಸಿನೀರು ಹಾಕಿ ರುಬ್ಬಿ, ಬಟ್ಟೇಲಿ ಹಿಂಡಿ. ಪಾಯಸಕ್ಕಾದ್ರೆ ಕೊನೇಲಿ ಸೇರಿಸಿ ಉರಿ ಸಣ್ಣ ಮಾಡಿ, ಕುದಿಸಿದ್ರೆ ಒಡೆಯುತ್ತೆ.

ಕಾಫಿ ಪುಡಿ ಬಗ್ಗೆ ಚಿಕ್ಕಮಗಳೂರಿನವರಿಗೆ ಹೇಳೋದೇನೂ ಇಲ್ಲ. ಕಾಫಿ ಬೀಜ, ಚಿಕೋರಿ ಬೇರು, ಎರಡೂ ಗಿಡದ್ದೇ. ಬೆಲ್ಲ ಹಾಕಿದ ಬರೀ ಕಾಫಿ ಮಲೆನಾಡಲ್ಲಿ ವೀಗನ್ ಅನ್ನೋ ಪದ ಬರೋಕೆ ಮುಂಚಿನಿಂದ ಇದೆ. ನೀರು ಬೆರೆಸಿದ್ರೆ ಸಾಕು ಅನ್ನೋ ತ್ರೀ ಇನ್ ಒನ್ ಪ್ರೀಮಿಕ್ಸ್ ಮಾತ್ರ ಹಾಲಿನ ಪುಡಿದೇ ಅಂತ ಇಟ್ಕೊಳ್ಳಿ.

ಪ್ಯಾಕೆಟ್ ಇರೋವರೆಗೆ ಸುಲಭ. ಕಷ್ಟ ಶುರು ಆಗೋದು ಬೇಕರಿ ಗಾಜಿನ ಮುಂದೆ. ಅಯ್ಯಂಗಾರ್ ಬೇಕರಿಗಳ ತವರು ಹಾಸನ ಜಿಲ್ಲೆ, ಇಲ್ಲಿಂದ ಹೋದವರೇ ಬೆಂಗಳೂರಿಗೆ ಬನ್ನು, ಖಾರ ಬಿಸ್ಕತ್ತಿನ ರುಚಿ ಹತ್ತಿಸಿದ್ದು. ಮೊಟ್ಟೆ ಇಲ್ಲ ಅನ್ನೋದೇ ಅವುಗಳ ಹೆಗ್ಗಳಿಕೆ. ಆದರೆ ಮೊಟ್ಟೆ ಮಾಡೋ ಕೆಲಸವನ್ನ ಬೇರೆ ಯಾರಾದ್ರೂ ಮಾಡಲೇಬೇಕಲ್ಲ? ಎಗ್‌ಲೆಸ್ ಕೇಕಲ್ಲಿ ಮೊಸರೋ ಕಂಡೆನ್ಸ್ಡ್ ಮಿಲ್ಕೋ ಬರುತ್ತೆ. ಮೊಸರಿನ ಹುಳಿಗೆ ಅಡುಗೆ ಸೋಡ ಸೇರಿ ಗಾಳಿ ಹುಟ್ಟಿ ಕೇಕ್ ಉಬ್ಬುತ್ತೆ. ಅಂದ್ರೆ ಎಗ್‌ಲೆಸ್ ಅಂತ ಬರೆದ ಕಡೆ ಹಾಲಿನ ಅನುಮಾನ ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ. ಖಾರ ಬಿಸ್ಕತ್ತಿಗೂ ಬೆಣ್ಣೆ, ಮೊಸರು ಹಾಕೋದು ವಾಡಿಕೆ. ಬನ್ನಿನ ಹಿಟ್ಟಲ್ಲಿ ಹಾಲು ಇಲ್ಲದಿದ್ರೂ ಬೆಂದ ಮೇಲೆ ಮಿರಿಮಿರಿ ಅನ್ನಲಿ ಅಂತ ಹಾಲೋ ಬೆಣ್ಣೆಯೋ ಸವರಿರಬಹುದು. ಅದೇ ವೆಜ್ ಪಫ್ಸ್ ಪದರಗಳು ಬಹಳಷ್ಟು ಕಡೆ ಡಾಲ್ಡಾ ಅಥವಾ ಮಾರ್ಗರಿನ್‌ದು. ಡಾಲ್ಡಾ ಗಟ್ಟಿ ಮಾಡಿದ ಗಿಡದ ಎಣ್ಣೆ, ವೀಗನ್ ಲೆಕ್ಕದಲ್ಲಿ ಪಾಸು, ಡಾಕ್ಟರ ಲೆಕ್ಕ ಬೇರೆ. ಮಾರ್ಗರಿನ್‌ನಲ್ಲಿ ಕೆಲವಕ್ಕೆ ಹಾಲಿನ ಪುಡಿ ಸೇರಿರುತ್ತೆ. ಟೂಟಿ ಫ್ರೂಟಿ ಸಕ್ಕರೆ ಪಾಕದಲ್ಲಿ ಬೆಂದ ಪಪ್ಪಾಯಿ ಕಾಯಿ, ಅದಕ್ಕೆ ಹೆದರಬೇಡಿ.

ಇಲ್ಲಿ ಪ್ರಶ್ನೆ ಕೇಳೋ ರೀತೀಲೇ ಎಲ್ಲ ಇದೆ. "ಬೆಣ್ಣೆ ಹಾಕಿದ್ದೀರಾ?" ಅಂತ ಕೇಳಿದ್ರೆ ಗಿರಾಕಿಗೆ ಬೆಣ್ಣೆ ಬೇಕು ಅಂದ್ಕೊಂಡು "ಅಪ್ಪಟ ಬೆಣ್ಣೆ ಸಾರ್" ಅಂತಾರೆ, ಒಳಗೆ ಡಾಲ್ಡಾ ಇದ್ರೂನೂ. "ಬೆಣ್ಣೆ ಇಲ್ಲ ತಾನೇ?" ಅಂದ್ರೆ ವ್ಯಾಪಾರ ಹೋಗುತ್ತೆ ಅಂತ "ಇಲ್ಲ" ಅನ್ನಬಹುದು. ಉತ್ತರ ಬಾಯಿಗೆ ಇಡದೆ ಕೇಳಿ: "ನಾವು ಹಾಲು, ಬೆಣ್ಣೆ ತಿನ್ನಲ್ಲ ಅಣ್ಣ. ಇದರ ಹಿಟ್ಟು ಯಾತರಲ್ಲಿ ಕಲಸ್ತೀರಾ? ಮೇಲೆ ಏನು ಸವರ್ತೀರಾ?" ಗಲ್ಲಾದಲ್ಲಿ ಕೂತವರಿಗೆ ಗೊತ್ತಿಲ್ಲದಿದ್ರೆ ಒಳಗಿನ ಭಟ್ಟರನ್ನ ಕೇಳಿಸಿ. ಹನ್ನೊಂದರ ಮೇಲೆ, ಬೆಳಗಿನ ಗಿರಾಕಿ ಕರಗಿದ ಹೊತ್ತಲ್ಲಿ ಹೋದ್ರೆ ಸಮಾಧಾನವಾಗಿ ಹೇಳ್ತಾರೆ.

ಕುರುಕಲಲ್ಲೂ ಹಾಗೇ. ಚಕ್ಕುಲಿ ಗರಿಗರಿ ಆಗೋಕೆ ಹಿಟ್ಟಿಗೆ ಬೆಣ್ಣೆ ಹಾಕೋರಿದ್ದಾರೆ, ಕಾದ ಎಣ್ಣೆ ಹಾಕೋರೂ ಇದ್ದಾರೆ, ನೋಡಿದ್ರೆ ಗೊತ್ತಾಗಲ್ಲ. ಕೋಡುಬಳೆ ಬಹುಪಾಲು ಕಾದ ಎಣ್ಣೇದೇ. ಹೋಳಿಗೆ ಕೊಂಡರೆ ತುಪ್ಪ ಅಂತಲೇ ತಿಳ್ಕೊಳ್ಳಿ.

ಮೂಡಿಗೆರೆ, ಕೊಪ್ಪ, ಶೃಂಗೇರಿ ದಾರಿ ಉದ್ದಕ್ಕೂ ಇರೋ ಹೋಂ ಪ್ರಾಡಕ್ಟ್ಸ್ ಅಂಗಡಿಗಳು ವೀಗನ್ ಆದವರಿಗೆ ಸ್ವರ್ಗ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಕೋಕಂ, ಎಲ್ಲ ಕಣ್ಣು ಮುಚ್ಚಿ ತಗೊಳ್ಳೋ ಹಾಗಿದೆ. ಎಡವೋದು ಒಂದು ಕಡೆ. ಬಾಳಕದ ಮೆಣಸಿನಕಾಯಿ ನೋಡೋಕೆ ಬರೀ ಒಣಮೆಣಸಿನ ಥರಾನೇ ಇರುತ್ತೆ. ಅದನ್ನ ಸೀಳಿ, ಉಪ್ಪು ಹಾಕಿದ ಮಜ್ಜಿಗೇಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆ ಪೂರ್ತಿ ಹೀರೋವರೆಗೆ ಮಾಡಿರ್ತಾರೆ. ಮಜ್ಜಿಗೆ ಮೆಣಸು ಅಂತ ಚೀಟಿ ಅಂಟಿಸಿದ್ರೆ ಗೊತ್ತಾಗುತ್ತೆ, ಬಾಳಕ ಅಂತಷ್ಟೇ ಇದ್ರೆ ಹೊಸಬರಿಗೆ ಗೊತ್ತಾಗಲ್ಲ. ಅರಳು ಸಂಡಿಗೆಗೂ ಮಜ್ಜಿಗೆ ಬೀಳೋದುಂಟು.

ಸಕ್ಕರೆ ಮೂಳೆ ಇದ್ದಲಲ್ಲಿ ಸೋಸ್ತಾರೆ ಅಂತ ಹೆದರಿಸೋ ವಿಡಿಯೋಗಳಿವೆ. ಅದು ಹೊರದೇಶದ ಕೆಲವು ರಿಫೈನರಿಗಳ ಮಾತು. ನಮ್ಮ ಕಾರ್ಖಾನೆಗಳು ಹೆಚ್ಚಾಗಿ ಕಬ್ಬಿನ ಹಾಲನ್ನ ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿ ಮಾಡ್ತವೆ. ಕಬ್ಬಿನ ಹಾಲು ಅಂದೆ, ಹೆದರಬೇಡಿ.

ಎಣ್ಣೆ ಪ್ಯಾಕೆಟ್ ಮೇಲೆ ನೀಲಿ ಬಣ್ಣದ +ಎಫ್ ಗುರುತಿದ್ರೆ ಎ ಮತ್ತು ಡಿ ವಿಟಮಿನ್ ಸೇರಿಸಿದ್ದಾರೆ ಅಂತ. ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿಂದ ಬರುತ್ತೆ, ಡಿ2 ಯೀಸ್ಟ್, ಅಣಬೆಯಿಂದ. ಬರೀ "ವಿಟಮಿನ್ ಡಿ" ಅಂತ ಬರೆದಿದ್ರೆ ಎರಡರಲ್ಲಿ ಯಾವುದು ಅಂತ ಪ್ಯಾಕೆಟ್ ನೋಡಿ ಹೇಳೋಕಾಗಲ್ಲ. ಅಷ್ಟು ದೂರ ಹೋಗೋರು ಗಾಣದ ಎಣ್ಣೆ ತಗೊಳ್ಳಿ. ಈಗಷ್ಟೇ ಶುರು ಮಾಡಿದವರು ಮೊದಲು ಬಿಸ್ಕತ್ತಿನ ಹಾಲು ಬಿಡಿ, ಎಣ್ಣೆಯ ಡಿ ಆಮೇಲೆ ನೋಡೋಣ.

2022ರಲ್ಲಿ ವೀಗನ್ ಆಹಾರಕ್ಕೇ ಬೇರೆ ನಿಯಮ ಬಂತು. ಹಸಿರು ವಿ ಅಕ್ಷರ, ಅದರ ಮೇಲೊಂದು ಎಲೆ, ಕೆಳಗೆ ವೀಗನ್ ಅಂತ. ನಮ್ಮ ಅಂಗಡಿಗಳಲ್ಲಿ ಅದರ ದರ್ಶನ ಹಾಸನಾಂಬೆ ದರ್ಶನದ ಥರ, ವರ್ಷಕ್ಕೊಮ್ಮೆ. ಆ ಗುರುತು ಹಾಕೋಕೆ ಅನುಮತಿ ತಗೋಬೇಕು. ಉಪ್ಪಿನಕಾಯಿ ಮಾಡೋ ಸಣ್ಣ ಮನೆಯವರು ಆ ಗೋಜಿಗೆ ಹೋಗಲ್ಲ. ಹಾಗಾಗಿ ವಿ ಇದ್ರೆ ಸಂತೋಷ, ಇಲ್ಲ ಅಂದ ಮಾತ್ರಕ್ಕೆ ಪದಾರ್ಥ ಕೆಟ್ಟದ್ದೇನಲ್ಲ.

ಒಮ್ಮೆ ಓದಿ ಪಾಸ್ ಮಾಡಿದ ಪ್ಯಾಕೆಟ್ಟನ್ನೂ ಮೂರು ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಬಣ್ಣ ಬದಲಾಗಿ "ಈಗ ಹೊಸ ರುಚಿಯಲ್ಲಿ" ಅಂತ ಹಳದಿ ಪಟ್ಟಿ ಬಂದಿದ್ರಂತೂ ಅವತ್ತೇ ನೋಡಿ. ಎಷ್ಟೋ ಸಲ ಆ ಹೊಸ ರುಚಿ ಅಂದ್ರೆ ಉಪ್ಪಿನ ಹಿಂದೆ ಬಂದು ಕೂತ ಮಿಲ್ಕ್ ಸಾಲಿಡ್ಸ್.